ಮನೆಯ ಮಾತು ಬೀದಿಗೇಕೆ?

(ಸಂಘದ ತಿಂಗಳ ಉಪನ್ಯಾಸದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದಿನ ವಿಷಯವನ್ನು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ಕ್ಷಣಕಾಲ ಮೌನವಾದರು. ಅನಂತರ "ಆಗಲಿ, ಆದರೆ ಮಕ್ಕಳೂ ಬಂದಿರುತ್ತಾರೆ" ಎಂದರು. ಮಕ್ಕಳು ಬರುತ್ತಾರೆಂದೇ ಈ ವಿಷಯವನ್ನು ಆರಿಸಿಕೊಂಡೆನೆಂದು ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಸಲಿಂಗಪ್ರೇಮಿಗಳೂ ಲಿಂಗತ್ವ ಅಲ್ಪಸಂಖ್ಯಾತರೂ ವರ್ಷಕ್ಕೊಮ್ಮೆ ಕಾಮನಬಿಲ್ಲಿನ ಬಣ್ಣದ ಬಾವುಟ ಹಿಡಿದು ನಡೆಸುವ ಮೆರವಣಿಗೆಯ ಬಗ್ಗೆ ನನ್ನ ಅಭಿಪ್ರಾಯವನ್ನು ತಮ್ಮ ಮುಂದಿಡಬಯಸುತ್ತೇನೆ. ಇದು ಕೇವಲ ವೈಯಕ್ತಿಕ ಅಭಿಪ್ರಾಯ. ಕೇಂದ್ರ ಸರಕಾರದ ಅಧಿಕಾರಿಯಾದ ನಾನು ಇಲಾಖೆಯ ಪರವಾಗಿ ಮಾತನಾಡುತ್ತಿಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಬಹುಕಾಲ ನನ್ನ ನಿಲುವೂ ತಮ್ಮಲ್ಲಿ ಅನೇಕರ ನಿಲುವಿನಂತೆಯೇ ಇತ್ತು. ಯಾರು ಯಾರನ್ನು ಪ್ರೀತಿಸುತ್ತಾರೆಂಬುದು ಮನೆಯ ಮಾತು. ಅದನ್ನು ಬೀದಿಗೆ ತರುವುದೇಕೆ? ಗಂಡ ಹೆಂಡಿರು ತಮ್ಮ ದಾಂಪತ್ಯವನ್ನು ಸಾರುತ್ತ ಮೆರವಣಿಗೆ ಹೊರಡುತ್ತಾರೆಯೇ? ಹೀಗೆಂದು ನಾನೊಮ್ಮೆ ಮನೆಯಲ್ಲಿ ವಾದಿಸುತ್ತಿದ್ದಾಗ ನನ್ನ ಮಗಳು, "ಅಪ್ಪಾ, ಮದುವೆಯ ದಿಬ್ಬಣ ಅಂದರೆ ಮತ್ತೇನು?" ಎಂದಳು. ಬ್ಯಾಂಡು ಬಾರಿಸುತ್ತ, ರಸ್ತೆಯ ವಾಹನಗಳನ್ನೆಲ್ಲ ತಡೆದು ಹೊರಟಿದ್ದ ನನ್ನದೇ ದಿಬ್ಬಣ ನೆನಪಾಗಿ ಸುಮ್ಮನಾದೆ.

ಮನೆಯದನ್ನು ಬೀದಿಗೆ ತರುವುದು ಈ ಊರಿಗೆ ಹೊಸತೇನೂ ಅಲ್ಲ. 1893ರಲ್ಲಿ ಗಿರಗಾಂವ್‌ನ ಕೇಶವಜಿ ನಾಯಕ್ ಚಾಳಿನಲ್ಲಿ ಸಾರ್ವಜನಿಕ ಗಣೇಶೋತ್ಸವ ಆರಂಭವಾಯಿತು. ಮನೆಯೊಳಗಿನ ಗಣಪತಿ ಬೀದಿಗೆ ಬಂದದ್ದು ಜನ ಒಂದೆಡೆ ಸೇರಲಿ, ತಾವು ಎಷ್ಟು ಮಂದಿ ಇದ್ದೇವೆಂಬುದನ್ನು ತಾವೇ ಕಾಣಲಿ ಎಂದು. ಇನ್ನು ನಮ್ಮ ಮಾತು. ಮನೆಯಲ್ಲಿ ಕನ್ನಡವಾಡಿಕೊಂಡು ಸುಮ್ಮನಿರಬಹುದಾಗಿದ್ದ ನಾವು ನವೆಂಬರ್ ಒಂದರಂದು ಹಳದಿ ಕೆಂಪು ಬಾವುಟ ಹಿಡಿದು ಪರನಾಡಿನ ಬೀದಿಯಲ್ಲಿ ನಡೆಯುವುದೇಕೆ? ವರ್ಷದ ಉಳಿದ ದಿನಗಳಲ್ಲಿ ನಾವು ಯಾರ ಕಣ್ಣಿಗೂ ಬೀಳುವುದಿಲ್ಲವೆಂಬ ಕಾರಣಕ್ಕಾಗಿಯೇ ಅಲ್ಲವೇ?

ಅವರ ಮೆರವಣಿಗೆಯ ಹುಟ್ಟಿನಲ್ಲಿ ಸಂಭ್ರಮಕ್ಕಿಂತ ಸಂಕಟವೇ ಹೆಚ್ಚು. 1969ರ ಜೂನ್ 28ರಂದು ನ್ಯೂಯಾರ್ಕಿನ ಸ್ಟೋನ್‌ವಾಲ್ ಎಂಬ ಪಾನಗೃಹದ ಮೇಲೆ ಪೊಲೀಸರು ದಾಳಿ ಮಾಡಿದಾಗ ಅಲ್ಲಿದ್ದವರು ಪ್ರತಿಭಟಿಸಿದರು. ಮರುವರ್ಷ ಅದೇ ದಿನ ಅಲ್ಲಿ ಮೊದಲ ಮೆರವಣಿಗೆ ಹೊರಟಿತು. ನಮ್ಮ ದೇಶದಲ್ಲಿ 1999ರ ಜುಲೈ 2ರಂದು ಕಲ್ಕತ್ತೆಯಲ್ಲಿ ನಡೆದವರು ಕೇವಲ 15 ಮಂದಿ. ಮುಂಬಯಿಯಲ್ಲಿ 2008ರ ಆಗಸ್ಟ್ 16ರಂದು, ಸ್ವಾತಂತ್ರ್ಯೋತ್ಸವದ ಮರುದಿನ, ಗೋವಾಲಿಯಾ ಟ್ಯಾಂಕಿನ ಆಗಸ್ಟ್ ಕ್ರಾಂತಿ ಮೈದಾನದಿಂದ ಇಂತಹುದೇ ನಡಿಗೆ ಹೊರಟಿತು. ಆಗ 1860ರ ದಂಡಸಂಹಿತೆಯ 377ನೆಯ ಕಲಮು ಜಾರಿಯಲ್ಲಿತ್ತು. ಅದರಡಿ ಜೀವಾವಧಿ ಶಿಕ್ಷೆಗೂ ಅವಕಾಶವಿತ್ತು. ಪ್ರಾಪ್ತ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು 2009ರಲ್ಲಿ ದೆಹಲಿ ಹೈಕೋರ್ಟು ಹೇಳಿತು. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ಕಳಂಕವನ್ನು ತೊಡೆಯಿತು. ನಾಲ್ಕು ವರ್ಷ ನಿರಪರಾಧಿ, ಮತ್ತೆ ಸುಮಾರು ಐದು ವರ್ಷ ಅಪರಾಧಿ, ಆಮೇಲೆ ಪುನಃ ನಿರಪರಾಧಿ! ಮನುಷ್ಯ ಮಾತ್ರ ಅವನೇ.

ಆ ನಡುವಿನ ಐದು ವರ್ಷಗಳಲ್ಲೊಂದು ಶನಿವಾರ ನಾನು ಕಾರ್ಯನಿಮಿತ್ತ ಆ ಕಡೆ ಹೋಗಿದ್ದೆ. ಮೆರವಣಿಗೆ ಸಾಗುತ್ತಿತ್ತು. ಡೋಲು, ಕುಣಿತ, ಬಣ್ಣಬಣ್ಣದ ಉಡುಪು. ಕೆಲವರ ವೇಷ ನನಗೆ ಹಿಡಿಸಲಿಲ್ಲ, ಇಂದಿಗೂ ಹಿಡಿಸದು. ಆದರೆ ಕುಣಿಯುವವರ ನಡುವೆ ಮುಖವಾಡ ತೊಟ್ಟವರೂ ಇದ್ದರು. ಹಬ್ಬಕ್ಕೆ ಬಂದವರು ಮುಖ ಮುಚ್ಚಿಕೊಳ್ಳುವುದೇಕೆಂದು ಯೋಚಿಸುತ್ತಿರುವಾಗಲೇ ಒಂದು ನಡಿಗೆ ಪರಿಚಿತವೆನಿಸಿತು. ಅವನು ನಮ್ಮ ಸಂಘದ ಹುಡುಗ. ಬಾಲ್ಯದಿಂದ ಇದೇ ವೇದಿಕೆಯ ಮೇಲೆ ಹಾಡಿದವನು. ರಾಜ್ಯೋತ್ಸವದ ಮೆರವಣಿಗೆಯಲ್ಲಿ ಬಾವುಟ ಹಿಡಿದು ಎಲ್ಲರಿಗಿಂತ ಮುಂದೆ ನಡೆದವನು. ಕಣ್ಣು ಕಣ್ಣು ಸೇರಿದವು. ಅವನು ತಲೆ ತಗ್ಗಿಸಿದ. ನಾನು ಮುಖ ತಿರುಗಿಸಿ ಬಸ್ಸಿಗೆ ಕಾಯುವವನಂತೆ ನಿಂತೆ.

ಆ ವರ್ಷದ ರಾಜ್ಯೋತ್ಸವಕ್ಕೆ ಅವನು ಬರಲಿಲ್ಲ; ಆಮೇಲೆಯೂ ಬರಲಿಲ್ಲ. ಕೆಲಸದ ಒತ್ತಡವೆಂದು ಅವನ ತಾಯಿ ಹೇಳಿದರು, ನಾವೂ ನಂಬಿದೆವು. ತೀರ್ಪು ಬಂದ ಎಷ್ಟೋ ದಿನಗಳ ಮೇಲೆ ದಾದರ್ ನಿಲ್ದಾಣದಲ್ಲಿ ಅವನೇ ನನ್ನನ್ನು ತಡೆದು ಮಾತನಾಡಿಸಿದ. "ಕಾಕಾ, ಅವತ್ತು ನೀವು ನನ್ನ ಗುರ್ತು ಹಿಡಿದಿದ್ರಿ. ಯಾಕ ಕರೀಲಿಲ್ಲ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಅವನಿಗೆ ಕೋಪವೂ ಇದ್ದಂತೆ ಕಾಣಲಿಲ್ಲ. ಚಹಾ ಕುಡಿದೆವು, ಹೊರಡುವಾಗ ಸಂಘದ ಹಳೆಯ ನಾಟಕಗಳ ಸುದ್ದಿಯನ್ನೇ ಕೇಳಿದ.

ಅಂದಿನಿಂದ ಒಂದು ವ್ಯತ್ಯಾಸ ನನ್ನನ್ನು ಕಾಡುತ್ತಿದೆ. ಕನ್ನಡಿಗನ ಮಗು ಕನ್ನಡದ ಮನೆಯಲ್ಲೇ ಹುಟ್ಟುತ್ತದೆ. ಹೊರಗೆ ಯಾರಾದರೂ ಹಂಗಿಸಿದರೆ ಒಳಗೆ ಬಂದು ಅಳಲು ತಾಯಿಯ ಮಡಿಲಿದೆ, ಅದೇ ಭಾಷೆ ಇದೆ. ಈ ಮಕ್ಕಳಿಗೆ ಸಾಮಾನ್ಯವಾಗಿ ಮನೆಯಲ್ಲಿ ತಮ್ಮಂಥವರು ಇನ್ನೊಬ್ಬರಿರುವುದಿಲ್ಲ. ತನ್ನ ಮಾತನ್ನಾಡುವವರನ್ನು ಕಾಣಲು ಅವರು ಬೀದಿಗೇ ಬರಬೇಕು. ಮನೆಯ ಮಾತು ಬೀದಿಗೇಕೆಂದು ಕೇಳುವ ನಾವು, ಮನೆಯಲ್ಲಿ ಆ ಮಾತಿಗೆ ಎಡೆಯಿತ್ತೇ ಎಂದು ಮೊದಲು ಕೇಳಿಕೊಳ್ಳಬೇಕು.

ಆಕ್ಷೇಪಣೆಗಳನ್ನು ನಾನು ಅಲ್ಲಗಳೆಯುವುದಿಲ್ಲ. ಅತಿರೇಕಗಳಿವೆ, ಕಂಪನಿಗಳು ತಮ್ಮ ಜಾಹೀರಾತಿಗೆ ಆ ಬಣ್ಣಗಳನ್ನು ಬಳಸಿಕೊಳ್ಳುವುದೂ ಉಂಟು. ಆದರೆ ವಿಸರ್ಜನೆಯ ಮೆರವಣಿಗೆಯ ಕರ್ಕಶ ಧ್ವನಿವರ್ಧಕಗಳನ್ನು ಕಂಡು ಗಣೇಶೋತ್ಸವವೇ ಬೇಡವೆಂದು ನಾವು ಹೇಳುತ್ತೇವೆಯೇ? ತೀರ್ಪು ಬಂದ ಮೇಲೆ ಮೆರವಣಿಗೆಯ ಅಗತ್ಯವೇನೆಂದು ಕೇಳುವವರಿಗೂ ಒಂದು ಮಾತು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇವರ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು. ಇಬ್ಬರೂ ಸೇರಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲವೆಂದು ಸರಕಾರ ಸ್ಪಷ್ಟಪಡಿಸಿದ್ದು 2024ರ ಆಗಸ್ಟಿನಲ್ಲಿ. ಕಾನೂನು ಇನ್ನೂ ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತಿದೆ.

ಇತ್ತ ನಮ್ಮ ನಾಡಿನಲ್ಲಿ, ಜೋಗತಿ ಕಲೆಯನ್ನು ಬೆಳಗಿದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಲಿಂಗತ್ವದ ಪ್ರಶ್ನೆ ಬೇರೆ, ಪ್ರೀತಿಯ ಒಲವಿನ ಪ್ರಶ್ನೆ ಬೇರೆ ಎಂಬುದನ್ನು ಬಲ್ಲೆ. ಆದರೂ ರಾಷ್ಟ್ರಪತಿ ಭವನದಲ್ಲಿ ಅವರು ನಿಂತಾಗ ಚಪ್ಪಾಳೆ ತಟ್ಟಿದ ಕೈಗಳು, ನಮ್ಮದೇ ಸಂಘದ ಮಗುವನ್ನು ಕರೆಯಲು ಹಿಂಜರಿಯಬಾರದು.

ತಾವೆಲ್ಲ ಆ ಮೆರವಣಿಗೆಯಲ್ಲಿ ನಡೆಯಬೇಕೆಂದು ನಾನು ಕೇಳುತ್ತಿಲ್ಲ, ನಾನೂ ನಡೆದಿಲ್ಲ. ಸಂಘ ನಿರ್ಣಯ ಮಂಡಿಸಬೇಕೆಂದೂ ಕೇಳುತ್ತಿಲ್ಲ. ಹೆಸರು ಹೇಳದೆ ಈ ಪ್ರಸಂಗವನ್ನು ತಿಳಿಸಲು ಅವನ ಒಪ್ಪಿಗೆ ಪಡೆದಿದ್ದೇನೆ. ಬರುವ ರಾಜ್ಯೋತ್ಸವಕ್ಕೆ ಅವನನ್ನು ಹಾಡಲು ಕರೆದಿದ್ದೇನೆ. "ನೋಡೋಣ ಕಾಕಾ" ಎಂದಿದ್ದಾನೆ. ಅವನು ಬಂದರೆ, ಮದುವೆ ಯಾವಾಗ ಎಂಬ ನಮ್ಮ ಎಂದಿನ ಪ್ರಶ್ನೆಯನ್ನು ಬದಿಗಿಟ್ಟು, ಇಷ್ಟು ವರ್ಷ ಎಲ್ಲಿದ್ದೆ ಎಂದು ಕೇಳೋಣ. ಅವನು ಹೇಳಿದ್ದನ್ನು ಕೂತು ಕೇಳೋಣ. ಈ ಸಭಾಂಗಣದಲ್ಲಿ ಇಂದು ಕುಳಿತಿರುವ ಮಕ್ಕಳಲ್ಲಿ ಯಾರಿಗಾದರೂ ಅದು ತಿಳಿದಿರಲಿ ಎಂಬುದೇ ನನ್ನ ಆಶೆ.