ಇಟ್ಟಿಗೆ ಗೋಡೆಯ ಹೆಸರುಗಳು
ನಮ್ಮ ತಂಡ ಎರಡು ವರ್ಷ ಸೋತರೆ ನಾವು ಟಿವಿ ಆರಿಸಿಬಿಡುತ್ತೇವೆ. ಅಮೆರಿಕದ ಷಿಕಾಗೊ ಕಬ್ಸ್ ಬೇಸ್‌ಬಾಲ್ ತಂಡ 1908ರಲ್ಲಿ ಅಲ್ಲಿನ ಚಾಂಪಿಯನ್ ಪಟ್ಟವಾದ ವರ್ಲ್ಡ್ ಸೀರೀಸ್ ಗೆದ್ದದ್ದೇ ಗೆದ್ದದ್ದು, ಮತ್ತೆ ಗೆದ್ದದ್ದು 2016ರಲ್ಲಿ. ನೂರೆಂಟು ವರ್ಷ! 1945ರಲ್ಲಿ ಮದ್ಯದಂಗಡಿಯವನೊಬ್ಬ ತನ್ನ ಮೇಕೆಯೊಂದಿಗೆ ಪಂದ್ಯ ನೋಡಲು ಬಂದನಂತೆ, ಮೇಕೆಯನ್ನು ಹೊರಗಟ್ಟಿದ್ದಕ್ಕೆ ಶಾಪ ಹಾಕಿದನಂತೆ. ಪಾಪ, ಸೋತವರಿಗೆ ಒಂದು ನೆಪವಾದರೂ ಬೇಕಲ್ಲ.



2016ರ ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯ ಕ್ಲೀವ್‌ಲ್ಯಾಂಡ್‌ನಲ್ಲಿ. ಮುಂದಿದ್ದ ಕಬ್ಸ್ ಕೈಯಿಂದ ಆಟ ಜಾರಿ, ಒಂಬತ್ತು ಇನಿಂಗ್ಸ್ ಮುಗಿದಾಗ 6-6. ಅಷ್ಟರಲ್ಲಿ ಮಳೆ. ಹದಿನೇಳು ನಿಮಿಷ ಆಟ ನಿಂತಿತು. ಕಬ್ಸ್ ಆಟಗಾರ ಜೇಸನ್ ಹೇವರ್ಡ್ ತನ್ನ ತಂಡದವರನ್ನು ವ್ಯಾಯಾಮದ ಕೋಣೆಗೆ ಕರೆದು ಧೈರ್ಯ ತುಂಬಿದ. ಮಳೆ ನಿಂತಿತು, ಕಬ್ಸ್ 8-7ರಲ್ಲಿ ಗೆದ್ದಿತು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಗೆಲುವಲ್ಲ. ಆ ದಿನಗಳಲ್ಲಿ ಜನ ಕಬ್ಸ್‌ನ ತವರು ಮೈದಾನವಾದ ರಿಗ್ಲಿ ಫೀಲ್ಡಿನ ಕೆಂಪು ಇಟ್ಟಿಗೆಯ ಹೊರಗೋಡೆಯ ಮೇಲೆ ಬಣ್ಣಬಣ್ಣದ ಸೀಮೆಸುಣ್ಣದಲ್ಲಿ ಹೆಸರು ಬರೆದರು. ಆಟಗಾರರದ್ದಷ್ಟೇ ಅಲ್ಲ; ಅಪ್ಪನದು, ಅಜ್ಜಿಯದು, ಗೆಲುವು ನೋಡದೆ ಹೋದವರದು.