ಡ್ರೈನ್ ತೆಗೆಯುವ ಮುನ್ನ 20 ನಿಮಿಷ ಐಸ್



ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಆಪರೇಷನ್ನಿಗೆಂದು ಹೈದರಾಬಾದಿಗೆ ಬರುವ ನಮ್ಮವರು ಬಹಳ. ಊಟದ ಡಬ್ಬಿ ಹಿಡಿದು ನಿಮ್ಸ್‌ಗೋ, ಗಾಂಧಿ ಆಸ್ಪತ್ರೆಗೋ, ರೆಡ್ ಹಿಲ್ಸ್‌ನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಗೋ ಓಡುವವರು ಇಲ್ಲೇ ನೆಲೆಸಿರುವ ನೀವು. ಹಾಸಿಗೆಯ ಪಕ್ಕ ನಿಲ್ಲುವ ನಿಮಗಾಗಿಯೇ ಇವತ್ತಿನ ಮಾತು.

ಆಪರೇಷನ್ ಆದ ಮೇಲೆ ಒಳಗೆ ರಕ್ತ, ನೀರು, ಗಾಳಿ ನಿಲ್ಲದಿರಲೆಂದು ಒಂದು ನಳಿಕೆ ಇಟ್ಟಿರುತ್ತಾರೆ. ಅದೇ ಡ್ರೈನ್. ಹೃದಯ, ಶ್ವಾಸಕೋಶದ ಆಪರೇಷನ್ ಆದವರಿಗೆ ಎದೆಯಲ್ಲಿ ಇರುತ್ತದೆ. ಕೆಲವು ದಿನಗಳಾದ ಮೇಲೆ ಅದನ್ನು ಎಳೆದು ತೆಗೆಯುತ್ತಾರೆ. ಕೆಲಸ ಕೆಲವೇ ಕ್ಷಣದ್ದು, ಆದರೆ ಆ ಕ್ಷಣದ ಉರಿ, ಸೆಳೆತ ಸಣ್ಣದಲ್ಲ. "ಒಂದು ನಿಮಿಷ ತಡ್ಕೊಳ್ಳಿ" ಅನ್ನುತ್ತಾರೆ, ನಮ್ಮವರು ಹಲ್ಲು ಕಚ್ಚಿ ತಡೆದುಕೊಳ್ಳುತ್ತಾರೆ.

ತಡೆದುಕೊಳ್ಳಲೇಬೇಕೆ? ಆಪರೇಷನ್ನಿನ ನೋವನ್ನು ಇಲ್ಲವಾಗಿಸುವ ಕ್ಲೋರೋಫಾರಂ ಎಷ್ಟು ಸುರಕ್ಷಿತ ಎಂದು ಪರೀಕ್ಷಿಸಲು 1888 ಮತ್ತು 1889ರಲ್ಲಿ ಇದೇ ಊರಿನಲ್ಲಿ ಎರಡು ಆಯೋಗಗಳು ಕೂತವು. ಮುಂದೆ ನಿಂತವರು ಡಾ. ಎಡ್ವರ್ಡ್ ಲಾರಿ, ಹಣ ಕೊಟ್ಟವರು ಆರನೆಯ ನಿಜಾಮ ಮೆಹಬೂಬ್ ಅಲಿ ಖಾನ್. ಆಯೋಗದ ತೀರ್ಮಾನವನ್ನು ಮುಂದಿನ ಸಂಶೋಧನೆ ಒಪ್ಪಲಿಲ್ಲ, ಆ ಮಾತು ಬೇರೆ. ದೊಡ್ಡ ನೋವಿಗೆ ಅಷ್ಟು ತಲೆ ಕೆಡಿಸಿಕೊಂಡ ಊರಿನಲ್ಲಿ ವಾರ್ಡಿನ ಈ ಚಿಕ್ಕ ನೋವನ್ನೂ ಕೇಳುವವರು ಬೇಕು.

ಇದಕ್ಕೊಂದು ಅಗ್ಗದ ಉಪಾಯ ಐಸ್. ತಂಪು ತಗುಲಿದಾಗ ನರಗಳು ನೋವಿನ ಸುದ್ದಿಯನ್ನು ನಿಧಾನವಾಗಿ ಒಯ್ಯುತ್ತವೆ, ಜಾಗ ಸ್ವಲ್ಪ ಜೋಮು ಹಿಡಿಯುತ್ತದೆ. ಟರ್ಕಿಯಲ್ಲಿ ಎದೆಯ ನಳಿಕೆ ಇದ್ದ 90 ರೋಗಿಗಳ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ನೋವಿನ ಔಷಧಿ ಇತ್ತು. ಅದರ ಜೊತೆಗೆ 20 ನಿಮಿಷ ತಂಪು ಕೊಟ್ಟವರಿಗೆ ನೋವು ಕಡಿಮೆಯಾಯಿತು. ಹೆದರಿಕೆ ಮಾತ್ರ ಕಡಿಮೆಯಾಗಲಿಲ್ಲ. ಅದಕ್ಕಿಂತ ಮೊದಲು, 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 10 ನಿಮಿಷ ಮಾತ್ರ ಐಸ್ ಇಟ್ಟಿದ್ದರು, ಹೇಳಿಕೊಳ್ಳುವ ಫಲ ಕಾಣಲಿಲ್ಲ. ಅಂದಮೇಲೆ ಗಡಿಬಿಡಿಯಲ್ಲಿ ಎರಡು ನಿಮಿಷ ಐಸ್ ಮುಟ್ಟಿಸಿದರೆ ಸಾಲದು.

ನೀವು ಮಾಡಬೇಕಾದದ್ದು ಇಷ್ಟೆ. ಡ್ರೈನ್ ಯಾವಾಗ ತೆಗೆಯುತ್ತೀರಿ ಎಂದು ಬೆಳಗಿನ ರೌಂಡ್ಸ್‌ನಲ್ಲೇ ಕೇಳಿ. ನೋವಿನ ಔಷಧಿಯನ್ನು ಅದು ಕೆಲಸ ಮಾಡುವಷ್ಟು ಮುಂಚೆ ಕೊಡುತ್ತೀರಾ, ಐಸ್ ಪ್ಯಾಕ್ ಇಡಬಹುದೇ ಎಂದೂ ಕೇಳಿ. ಅವರು ಹೂಂ ಅಂದ ಮೇಲಷ್ಟೇ ಇಡಬೇಕು. ಐಸ್ ನೇರವಾಗಿ ಚರ್ಮಕ್ಕೆ ತಾಗಬಾರದು, ಬಟ್ಟೆಯಲ್ಲಿ ಸುತ್ತಿರಬೇಕು, ಡ್ರೆಸ್ಸಿಂಗ್ ಒದ್ದೆಯಾಗಬಾರದು.

ಎಲ್ಲರಿಗೂ ಇದು ಸಲ್ಲದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರು, ತಂಪು ತಗುಲಿದರೆ ಬೆರಳು ಬಿಳಚಿಕೊಳ್ಳುವವರು, ಮೈಮೇಲೆ ದದ್ದು ಏಳುವವರು, ಚರ್ಮ ಕಸಿ ಮಾಡಿಸಿಕೊಂಡವರು ಮೊದಲೇ ಹೇಳಬೇಕು. ಸ್ತನದ ಆಪರೇಷನ್ ನಂತರ ಕಂಕುಳ ಸುತ್ತ ಜೋಮು ಹಿಡಿದಿರುವುದುಂಟು. ಅಲ್ಲಿ ತಂಪು ಹೆಚ್ಚಾದದ್ದು ಗೊತ್ತಾಗುವುದಿಲ್ಲ. ನಾನು ಹೇಳಿದ ಎರಡೂ ಅಧ್ಯಯನ ಎದೆಯ ನಳಿಕೆಯವು. ಬೇರೆ ಡ್ರೈನ್ ಆದರೆ ಡಾಕ್ಟರ ಮಾತೇ ಕೊನೆ. ಎದೆಯ ನಳಿಕೆ ತೆಗೆಯುವಾಗ ಉಸಿರು ಹಿಡಿಯಲು ಹೇಳಿದರೆ ಹೇಳಿದಂತೆಯೇ ಹಿಡಿಯಿರಿ. ತೆಗೆದ ಮೇಲೆ ಜ್ವರ, ಕೀವು, ಏದುಸಿರು ಕಂಡರೆ ತಡ ಮಾಡದೆ ತಿಳಿಸಿ.

ಊರಿಂದ ಬಂದ ಅತ್ತೆಗೋ ಚಿಕ್ಕಪ್ಪನಿಗೋ ತೆಲುಗು ಬಾರದಿದ್ದರೆ ಎರಡು ಮಾತು ಕಲಿಸಿಡಿ: "ನೊಪ್ಪಿಗಾ ಉಂದಿ", ಅಂದರೆ ನೋಯುತ್ತಿದೆ, "ಐಸ್ ಪೆಡತಾರಾ?", ಅಂದರೆ ಐಸ್ ಇಡುತ್ತೀರಾ? ಕೇಳಲು ಸಂಕೋಚಪಟ್ಟರೆ ಅವರ ಪರವಾಗಿ ನೀವೇ ಕೇಳಿ. ಒಂದು ಕ್ಷಣದ ನೋವಾದರೂ ಅದು ನೋವೇ ತಾನೆ?