ಬ್ರಹ್ಮದೇಶದಿಂದ ನಡೆದು ಬಂದವರು

ಯುದ್ಧದ ಚರಿತ್ರೆಯನ್ನು ತರಗತಿಯಲ್ಲಿ ಹೇಳುವಾಗ ಸೇನಾನಿಗಳ ಹೆಸರನ್ನೂ ಒಪ್ಪಂದಗಳ ತಾರೀಖನ್ನೂ ಹೇಳಿ ಮುಗಿಸುವುದು ನಮ್ಮ ವಾಡಿಕೆ. ಗೆದ್ದವರೂ ಸೋತವರೂ ಲೆಕ್ಕಕ್ಕೆ ಸಿಕ್ಕುತ್ತಾರೆ. ಮನೆಯನ್ನು ಕಳೆದುಕೊಂಡವರಿಗೆ ಆ ಪುಟಗಳಲ್ಲಿ ಎಡೆಯಿಲ್ಲ. ಅಂಥವರ ಒಂದು ದೊಡ್ಡ ಸಮೂಹದ ವಿಚಾರವನ್ನು ಈ ಸಂಜೆ ತಮ್ಮ ಮುಂದಿಡಬೇಕೆಂದಿದ್ದೇವೆ.

1931ರ ಜನಗಣತಿಯಂತೆ ಬ್ರಹ್ಮದೇಶದಲ್ಲಿ 10 ಲಕ್ಷಕ್ಕೂ ಮಿಕ್ಕಿ ಭಾರತೀಯರಿದ್ದರು. ರಂಗೂನು ನಗರದಲ್ಲಂತೂ ಅರ್ಧಕ್ಕಿಂತ ಹೆಚ್ಚು ಮಂದಿ ಅವರೇ. ಬಂದರಿನಲ್ಲಿ ಮೂಟೆ ಹೊರುವವರು, ಬೀದಿ ಗುಡಿಸುವವರು, ಗುಮಾಸ್ತರು, ಲೇವಾದೇವಿಯ ಚೆಟ್ಟಿಯಾರರು, ಹೀಗೆ ಎಲ್ಲ ತರಗತಿಯವರೂ ಇದ್ದರು. 1941ನೆಯ ಡಿಸೆಂಬರ್ 23ರಂದು ಜಪಾನೀ ವಿಮಾನಗಳು ಆ ನಗರದ ಮೇಲೆ ಬಾಂಬುಗಳನ್ನು ಸುರಿಸಿದುವು. ಕ್ರಿಸ್‌ಮಸ್ ದಿನ ಮತ್ತೆ ಬಂದುವು. ಸಾವಿರಗಟ್ಟಲೆ ಕೂಲಿಕಾರರು ಪ್ರೋಮ್ ರಸ್ತೆ ಹಿಡಿದು ಓಡಿದರು. ಬಂದರಿನ ಕೆಲಸ ನಿಂತಿತು. ಆಗ ಅಧಿಕಾರಿಗಳು ಅವರಲ್ಲಿ ಅನೇಕರಿಗೆ ಧೈರ್ಯ ಹೇಳಿ ಹಿಂದಕ್ಕೆ ಕರೆತಂದರು. ಆ ಮಾತನ್ನು ನಂಬಿ ಮರಳಿದವರ ಪಾಡನ್ನು ನೆನೆದರೆ ನಮಗೆ ಬಾಂಬಿನ ಕ್ರೌರ್ಯವೂ ಕಡಮೆಯೆನ್ನಿಸುತ್ತದೆ. ಫೆಬ್ರವರಿಯಲ್ಲಿ ನಗರವನ್ನು ತೆರವು ಮಾಡಲು ಆಜ್ಞೆ ಹೊರಟಾಗ ಹಡಗಿನಲ್ಲಿ ಸ್ಥಳ ದೊರೆಯುವ ಆಸೆ ಬಡವರಿಗೆ ಉಳಿದಿರಲಿಲ್ಲ. 1942ನೆಯ ಮಾರ್ಚ್ 8ರಂದು ಜಪಾನೀಯರು ಪುರಪ್ರವೇಶ ಮಾಡಿದರು.

ಉಳಿದುದು ಕಾಲುದಾರಿ. ಕೆಲವರು ಟೌಂಗಪ್ ಕಣಿವೆಯ ಮೂಲಕ ಅರಾಕಾನಿನ ಕರಾವಳಿಗೆ ಇಳಿದರು. ಬಹುಮಂದಿ ಮಂಡಾಲೆಯ ಕಡೆಗೆ ಹೋಗಿ, ಅಲ್ಲಿಂದ ಕಲೇವಾ, ಟಾಮು ದಾಟಿ ಮಣಿಪುರವನ್ನು ಸೇರಿದರು. ಕೊನೆಗೆ ಹೊರಟವರ ಪಾಲಿಗೆ ಬಂದುದು ಹುಕಾಂಗ್ ಕಣಿವೆ. ಅಲ್ಲಿ ಮಳೆಗಾಲ ಅವರನ್ನು ಹಿಡಿಯಿತು. ಮೊಳಕಾಲುದ್ದದ ಕೆಸರು, ಕಾಲರಾ, ಮಲೇರಿಯಾ. ಮೊದಲು ಪೆಟ್ಟಿಗೆ, ಆಮೇಲೆ ಹಾಸಿಗೆ, ಆಮೇಲೆ ಪಾತ್ರೆ, ಹೀಗೆ ಒಂದೊಂದಾಗಿ ದಾರಿಯಲ್ಲಿ ಬಿದ್ದುವು. ನಡೆಯಲಾರದ ಮುದುಕರೂ ಉಳಿದುಹೋದರು. ಎಲ್ಲ ದಾರಿಗಳಿಂದಲೂ ಬಂದವರು 4ರಿಂದ 5 ಲಕ್ಷ. ಸತ್ತವರನ್ನು ಎಣಿಸಿದವರಿಲ್ಲ, 10,000ವೆಂಬುವರೂ ಉಂಟು, 50,000ವೆಂಬುವರೂ ಉಂಟು.

ಬಿಳಿಯರಿಗೊಂದು ದಾರಿ, ಕರಿಯರಿಗೊಂದು ದಾರಿ ಎಂಬ ದೂರು ಆಗಲೇ ಎದ್ದಿತು. ಅಲಹಾಬಾದಿನಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಈ ಭೇದವನ್ನು ಖಂಡಿಸಿತು. ಅಸ್ಸಾಮಿನ ಚಹಾ ತೋಟಗಾರರು ದಾರಿಯಲ್ಲಿ ಬಿಡಾರಗಳನ್ನು ಹೂಡಿ ಅನ್ನ ಔಷಧಗಳನ್ನು ಒದಗಿಸಿದುದನ್ನೂ ಹೇಳದಿದ್ದರೆ ನ್ಯಾಯವಾಗದು. ಅವನ್ನು ಬೆನ್ನ ಮೇಲೆ ಹೊತ್ತವರು ತೋಟದ ಕೂಲಿಗಳೆಂಬುದನ್ನೂ ಮರೆಯಲಾಗದು.

ಸರಕಾರದ ಕಾಗದಗಳಲ್ಲಿ ಇವರಿಗೆ 'ಇವಾಕ್ಯುಈ' ಎಂದು ಹೆಸರು. ಬರಿದುಮಾಡುವುದೆಂಬುದು ಆ ಇಂಗ್ಲಿಷ್ ಮಾತಿನ ಮೂಲಾರ್ಥ. ಊರು ಬರಿದಾಯಿತೆಂಬುದು ಅದರಿಂದ ತಿಳಿಯುತ್ತದೆ. ಬರಿದಾದ ಮನುಷ್ಯನ ಸುದ್ದಿ ಅದರಲ್ಲಿಲ್ಲ. ಕಡ ಕೊಡುತ್ತಿದ್ದ ಅಂಗಡಿ, ಹೆಸರು ಹಿಡಿದು ಕೂಗುತ್ತಿದ್ದ ನೆರೆಯವರು, ಬರಬೇಕಾಗಿದ್ದ ಸಂಬಳದ ಬಾಕಿ, ಇವೆಲ್ಲವೂ ಅವನ ಮನೆಯೇ ಆಗಿದ್ದುವಲ್ಲವೆ? ತಂದೆಯೋ ತಾತನೋ ಎಂದೋ ಬಿಟ್ಟಿದ್ದ ಹಳ್ಳಿಗೆ ಅವನು ಬಂದು ನಿಂತಾಗ ಭಾಷೆಯೊಂದು ಅವನದಾಗಿತ್ತು, ನೆಲ ಅವನದಾಗಿರಲಿಲ್ಲ.

ಯುದ್ಧ ಮುಗಿದ ಮೇಲೆ ಅನೇಕರು ರಂಗೂನಿಗೇ ಹಿಂದಿರುಗಿದರು. ಅದೇ ಅವರ ಊರು. 1962ರಲ್ಲಿ ಅಲ್ಲಿ ಸೈನ್ಯದ ಆಳ್ವಿಕೆ ಬಂದಿತು. ಅಂಗಡಿಗಳು ಸರಕಾರದ ವಶವಾದುವು. 1964ರ ಮೇ ತಿಂಗಳಲ್ಲಿ 50 ಮತ್ತು 100 ಕ್ಯಾಟ್ ನೋಟುಗಳು ರದ್ದಾದುವು. ಲಕ್ಷಾಂತರ ಮಂದಿ ಮತ್ತೊಮ್ಮೆ ಬಂದರು. ಮದರಾಸಿನ ಬಂದರಿನ ಬಳಿ ರಸ್ತೆಯ ಬದಿಯಲ್ಲಿ ಅವರು ಹೂಡಿದ ಅಂಗಡಿಸಾಲಿಗೆ ಬರ್ಮಾ ಬಜಾರ್ ಎಂದು ಹೆಸರಾಯಿತು.